ಸೀಮೆಗಿಣಿಗೆ ದಿಷ್ಟಿ

“ನಿನ್ನ ಕಣ್ಣು ಬಿದ್ದೇ ಅದು ಸತ್ತಿದ್ದು,” ಎಂದಳು ಆಂಜಿನಿ.

ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಮಕ್ಕಳು ಚಾಪೆಯ ಮೇಲೆ ಕೂತು ಸ್ಲೇಟಿನಲ್ಲಿ ಮಗ್ಗಿ ಬರೆಯುತ್ತಿದ್ದರು. ಬರೆಯುವುದನ್ನು ಬಿಟ್ಟು ಎಲ್ಲರೂ ತಿರುಗಿ ನೋಡಿದರು.

ಕದಿರಿಗೆ ಮೊದಲು ಅರ್ಥವಾಗಲಿಲ್ಲ. ಅವಳು ದಿನದ ಹಾಗೆ ಆಂಜಿನಿಗೆಂದು ಪಕ್ಕದಲ್ಲಿ ಜಾಗ ಹಿಡಿದು ಕೂತಿದ್ದಳು. “ಏನೇ ಸತ್ತಿದ್ದು?” ಎಂದಳು.

“ಪಚ್ಚಿ. ನನ್ನ ಸೀಮೆಗಿಣಿ. ನಿನ್ನೆ ಬೆಳಿಗ್ಗೆ ಬಂದು ಏನಂದೆ? ಎಷ್ಟು ಚೆನ್ನಾಗೈತೆ, ಎಷ್ಟು ಚೆನ್ನಾಗೈತೆ ಅಂತ ಪಂಜರಕ್ಕೆ ಮೂಗು ತೂರಿಸ್ಕೊಂಡು ನೋಡಿದೆ. ನಾನು ಇಸ್ಕೂಲಿಂದ ಹೋಗೋ ಹೊತ್ಗೆ ಸತ್ತು ಬಿದ್ದಿತ್ತು.”

“ನಾನು ಬರೀ ನೋಡಿದ್ದು ಕಣೇ.”

“ನೋಡಿದ್ದೇ ತಪ್ಪು. ನಿನ್ನ ಮೆಳ್ಳೆಗಣ್ಣು ಇಟ್ಕೊಂಡು ಇನ್ಮೇಲೆ ನಮ್ಮನೆ ಕಡೆ ಬರಬೇಡ.”

ಕದಿರಿಯ ಎಡಗಣ್ಣು ಸ್ವಲ್ಪ ಮೂಗಿನ ಕಡೆ ತಿರುಗಿದ್ದು ನಿಜ. ಆದರೆ ಕ್ಲಾಸಿನಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೋದ ವರ್ಷ ಒಬ್ಬ ಹುಡುಗ ಹಾಗೆ ಕರೆದಾಗ ಅವನ ಕೈ ಕಚ್ಚಿ ರಕ್ತ ಬರಿಸಿದವಳು ಇದೇ ಆಂಜಿನಿ.

ಕದಿರಿ ಎಡಗೈ ಎತ್ತಿ ಆ ಕಣ್ಣನ್ನು ಮುಚ್ಚಿಕೊಂಡಳು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ತನ್ನ ಹೊಸ ಬಳೆಗಳ ಮೇಲೆ ಮೆಲ್ಲಗೆ ಸೆರಗು ಎಳೆದುಕೊಂಡಳು. ಇನ್ನೊಬ್ಬ ತನ್ನ ಬುತ್ತಿಯ ಗಂಟನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಮೇಷ್ಟ್ರು ಬಂದವರು, “ಏನಮ್ಮ ಕಣ್ಣಿಗೆ, ಧೂಳು ಬಿತ್ತಾ?” ಎಂದು ಕೇಳಿದರು. “ಏನಿಲ್ಲ ಮೇಷ್ಟ್ರೇ,” ಎಂದಳು ಕದಿರಿ. ಬೆಲ್ಲು ಹೊಡೆಯುವವರೆಗೂ ಅವಳು ಕೈ ತೆಗೆಯಲಿಲ್ಲ.

ಆಂಜಿನಿಗೆ ಸ್ವಲ್ಪವೂ ಪಾಪ ಅನ್ನಿಸಲಿಲ್ಲ. ಸಿಟ್ಟು ಮೊದಲೇ ಅವಳ ಮೂಗಿನ ತುದಿಯಲ್ಲಿ ಇರುತ್ತಿತ್ತು. ಅವತ್ತಂತೂ ಮೈಯೆಲ್ಲ ಉರಿಯುತ್ತಿತ್ತು.

ಆ ಗಿಣಿಗಳ ವಿಷಯ ಹೇಳದಿದ್ದರೆ ಅವಳ ಸಿಟ್ಟು ನಿಮಗೆ ತಿಳಿಯುವುದಿಲ್ಲ.

ಆಗ ಯುದ್ಧದ ಕಾಲ. ಆಂಜಿನಿಯ ಸೋದರಮಾವ ನರಸಿಂಹಪ್ಪ ಚಿನ್ನದ ಗಣಿಯ ಊರಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ತೋಟದ ಕೆಲಸಕ್ಕಿದ್ದ. ದೊರೆಯ ಮನೆಯವರು ಬಂಗಲೆ ಖಾಲಿ ಮಾಡಿ ಹೊರಡುವಾಗ ಎರಡು ಪುಟ್ಟ ಹಕ್ಕಿಗಳನ್ನು ಪಂಜರದ ಸಮೇತ ಅವನಿಗೆ ಕೊಟ್ಟರು. ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ಬಂದು ಟೇಕಲ್ ಟೇಷನ್ನಿನಲ್ಲಿ ಇಳಿದ. ಅಲ್ಲಿಂದ ಗುಡ್ಡದ ಕೆಳಗಿನ ಇವರ ಹಳ್ಳಿಗೆ ನಡೆದು ಬರುವಾಗ ಊರಿನ ಅರ್ಧ ಮಕ್ಕಳು ಹಿಂದೆ ಇದ್ದರು.

ಗುಬ್ಬಿಯಷ್ಟೇ ಗಾತ್ರ, ಗಿಣಿಯ ಕೊಕ್ಕು. ಒಂದು ಹಸಿರು, ಒಂದು ನೀಲಿ. ಈಗ ನೀವು ಬಡ್ಜಿ ಅಂತಲೋ ಲವ್ ಬರ್ಡ್ಸ್ ಅಂತಲೋ ಹೇಳುತ್ತೀರಿ. ಹೊರಗಿನಿಂದ ಬಂದದ್ದಕ್ಕೆಲ್ಲ ಸೀಮೆ ಅನ್ನುವುದು ಆಗಿನವರ ಅಭ್ಯಾಸ. ಸೀಮೆಎಣ್ಣೆ, ಸೀಮೆಸುಣ್ಣ, ಹಾಗೇ ಸೀಮೆಗಿಣಿ. ಹಸಿರಿಗೆ ಪಚ್ಚಿ ಎಂದೂ ನೀಲಿಗೆ ನೀಲಿ ಎಂದೂ ಆಂಜಿನಿ ಹೆಸರಿಟ್ಟಳು. ಪಚ್ಚಿ ಅವಳ ಬೆರಳಿನ ಮೇಲೆ ಕೂತು ನವಣೆ ತಿನ್ನುವುದನ್ನು ಕಲಿತಿತ್ತು.

“ದಿನಾ ನೀರು ಬದಲಾಯಿಸು. ಬೆಕ್ಕಿನ ಬಾಯಿಗೆ ಸಿಗದಂಗೆ ನೋಡ್ಕೊ,” ಎಂದು ಹೇಳಿ ಮಾವ ಹೋದ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಆಂಜಿನಿಯ ಮನೆಯವರು ರೇಷ್ಮೆ ಹುಳ ಸಾಕುವವರು. ಹುಳ ಮನೆಗೆ ಬಂತೆಂದರೆ ಮನೆ ಹುಳದ್ದೇ. ನಡುಮನೆಯ ತುಂಬ ಬಿದಿರಿನ ತಟ್ಟೆಗಳು. ಹುಳಕ್ಕೆ ಹೊಗೆ ಆಗುವುದಿಲ್ಲ, ಘಾಟು ಆಗುವುದಿಲ್ಲ. ಅಮ್ಮ ಒಲೆಯನ್ನೇ ಹಿತ್ತಲಿಗೆ ಸಾಗಿಸುತ್ತಿದ್ದಳು. ಒಗ್ಗರಣೆಗೆ ಮೆಣಸಿನಕಾಯಿ ಹಾಕುತ್ತಿರಲಿಲ್ಲ. ಅಪ್ಪ ಬೀಡಿ ಸೇದಬೇಕಾದರೆ ಬೀದಿಯ ಆಚೆ ಹೋಗಬೇಕಿತ್ತು. ಒಂದು ಸಲ ಜಗಲಿಯ ಮೇಲೆ ಹಚ್ಚಿದ್ದಕ್ಕೆ ಅಜ್ಜಿ ದೊಡ್ಡಮುನಿಯಮ್ಮ ಅವನನ್ನು ಊರಿಗೆಲ್ಲ ಕೇಳುವಂತೆ ಬೈದಿದ್ದಳು.

ಹುಳಕ್ಕೆ ಜಾಗ ಬೇಕು ಎಂದು ಪಂಜರವನ್ನು ಪಕ್ಕದ ರಾಗಿ ಕೋಣೆಯಲ್ಲಿ ನೇತುಹಾಕಿದ್ದರು. ಚಿಕ್ಕ ಕೋಣೆ. ಮೇಲೆ ಅಂಗೈಯಗಲದ ಒಂದು ಗವಾಕ್ಷಿ ಬಿಟ್ಟರೆ ಬೇರೆ ಕಿಟಕಿ ಇರಲಿಲ್ಲ.

ಹಿಂದಿನ ದಿನ ಸಾಯಂಕಾಲ ಆಂಜಿನಿ ಆ ಕೋಣೆಗೆ ಓಡಿಬಂದು ನೋಡಿದರೆ ಪಚ್ಚಿ ಪಂಜರದ ತಳದಲ್ಲಿ ಕಾಲು ಮೇಲೆ ಮಾಡಿ ಬಿದ್ದಿತ್ತು. ಬೆಳಿಗ್ಗೆ ಬೆರಳು ಕಚ್ಚಿದ್ದ ಹಕ್ಕಿ. ಅವಳು ಅದನ್ನು ತೆಗೆದು ಕೆನ್ನೆಗೆ ಒತ್ತಿಕೊಂಡಳು. ಮೂಗು ಚುರುಗುಟ್ಟಿ ಒಂದು ಸೀನು ಬಂತು. ಅಳುವಿನ ನಡುವೆ ಸೀನಿನ ಮೇಲೂ ಸಿಟ್ಟು ಬಂತು.

“ಆ ಪಕ್ಕದ ಮನೆ ಹುಡುಗಿ ಬೆಳಿಗ್ಗೆ ಬಂದು ಕಣ್ಣು ಬಿಟ್ಕೊಂಡು ನೋಡಿದಾಗ್ಲೇ ಅಂದ್ಕೊಂಡೆ,” ಎಂದಳು ಅಜ್ಜಿ. ಅವಳ ಕಣ್ಣಿನಲ್ಲೂ ನೀರಿತ್ತು. “ನೀನು ಇಸ್ಕೂಲಿಗೆ ಹೋದ ಮೇಲೆ ನಾನು ದಿಷ್ಟಿ ತೆಗೆದೆ ಬಂಗಾರು. ಒಂದು ಹಿಡಿ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕ್ದೆ. ಒಂಚೂರೂ ಘಾಟು ಬರ್ಲಿಲ್ಲ. ಎಷ್ಟೊತ್ತು ಕಾದ್ರೂ ಊಹೂಂ. ಎಂಥಾ ಕಣ್ಣಿರಬೇಕು ನೋಡು.”

ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ತಗುಲಿದೆ ಎಂದು ಅರ್ಥ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆಂಜಿನಿಗೂ ಗೊತ್ತಿತ್ತು.

ಅಮ್ಮ ಸೊಪ್ಪಿನ ಬುಟ್ಟಿ ಹಿಡಿದು ಬಂದು ಇಣುಕಿದಳು. “ಅಯ್ಯೋ, ಹೋಯ್ತಾ,” ಎಂದಳು. ಒಂದು ಗಳಿಗೆ ನಿಂತು, “ತಟ್ಟೇಲಿ ಒಂದು ಹುಳ ಸತ್ರೆ ಅದರ ಮುಂದೆ ಅಳ್ತಾ ಕೂರ್ತೀವಾ? ಅದನ್ನ ತೆಗೀತೀವಿ, ಕಸ ತೆಗೀತೀವಿ, ಯಾಕೆ ಸತ್ತಿತು ಅಂತ ಹುಡುಕ್ತೀವಿ. ಉಳಿದಿದ್ದನ್ನ ನೋಡು ಆಂಜಿನಿ,” ಎಂದಳು.

“ಪಚ್ಚಿ ನಿನ್ನ ಹುಳಾನಾ?” ಎಂದು ಆಂಜಿನಿ ಅಮ್ಮನ ಮೇಲೆ ಎಗರಿಬಿದ್ದಳು. ಹಿತ್ತಲಿನ ನುಗ್ಗೆಮರದ ಕೆಳಗೆ ಒಬ್ಬಳೇ ಗುಂಡಿ ತೋಡಿ ಪಚ್ಚಿಯನ್ನು ಮಣ್ಣು ಮಾಡಿದಳು. ರಾತ್ರಿ ಊಟ ಮಾಡಲಿಲ್ಲ. ನೀಲಿ ಮಂಕಾಗಿ ಗರಿ ಉಬ್ಬಿಸಿಕೊಂಡು ಕೂತಿತ್ತು. ಅದನ್ನೂ ಅವಳು ಸರಿಯಾಗಿ ನೋಡಲಿಲ್ಲ. ಅವಳ ತಲೆಯ ತುಂಬ ಕದಿರಿಯೇ ಇದ್ದಳು.

ಬೆಳಿಗ್ಗೆ ಸ್ಲೇಟು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಡುವಾಗ, “ಅಜ್ಜಿ, ನೀಲಿಗೂ ದಿಷ್ಟಿ ತೆಗೀಬೇಕು. ನಾನು ಬಂದ ಮೇಲೆ ತೆಗಿ. ನಾನೂ ನೋಡಬೇಕು,” ಎಂದು ಹೇಳಿಯೇ ಹೋಗಿದ್ದಳು. ಆಮೇಲೆ ಇಸ್ಕೂಲಿನಲ್ಲಿ ಏನಾಯಿತು ಅಂತ ಆಗಲೇ ಹೇಳಿದೆ.

ಅವಳು ಮನೆಗೆ ಬರುವ ಹೊತ್ತಿಗೆ ಅಜ್ಜಿ ಹಿತ್ತಲ ಒಲೆಯಿಂದ ಕೆಂಡ ತೆಗೆದು ಒಡೆದ ಮಡಕೆಯ ಓಡಿನಲ್ಲಿ ಹಾಕಿಟ್ಟಿದ್ದಳು. ಮಡಿಲಿನಲ್ಲಿ ಒಣ ಮೆಣಸಿನಕಾಯಿ.

“ಜಾಸ್ತಿ ಹಾಕು ಅಜ್ಜಿ,” ಎಂದಳು ಆಂಜಿನಿ. “ಕದಿರಿ ಕಣ್ಣು ಸುಟ್ಟು ಹೋಗಬೇಕು.”

“ಹಾಕ್ತೀನಿ ಬಾ.”

ಓಡಿಗೆ ಹಳೇ ಬಟ್ಟೆ ಸುತ್ತಿ ಆಂಜಿನಿಯೇ ಎರಡೂ ಕೈಯಲ್ಲಿ ಹಿಡಿದು ಒಯ್ದು ಪಂಜರದ ಕೆಳಗೆ ಇಟ್ಟಳು. ಅಜ್ಜಿ ಮೆಣಸಿನಕಾಯಿಯನ್ನು ಪಂಜರದ ಸುತ್ತ ನಿವಾಳಿಸಿ, “ಊರ ಕಣ್ಣು, ಕೇರಿ ಕಣ್ಣು, ನೆರೆಮನೆ ಕಣ್ಣು ಸುಟ್ಟು ಹೋಗಲಿ,” ಎಂದು ಕೆಂಡಕ್ಕೆ ಸುರಿದಳು. ತಕ್ಷಣ ಬಾಗಿಲ ಕಡೆ ಹೆಜ್ಜೆ ಹಾಕಿದಳು.

“ಬೇಗ ಹೊರಗೆ ಬಾ. ಬಾಗಿಲು ಹಾಕಬೇಕು. ಆ ಕಡೆ ಹುಳಕ್ಕೆ ಹೊಗೆ ತಾಗ್ತದೆ.”

“ನಾನು ಇಲ್ಲೇ ಇರ್ತೀನಿ. ನೋಡಬೇಕು ಅಂದ್ನಲ್ಲ.”

“ಹಟಮಾರಿ ಮುಂಡೇದು,” ಎಂದು ಅಜ್ಜಿ ಬಾಗಿಲು ಎಳೆದುಕೊಂಡಳು. ಹೊಗೆ ಸಂದಿಯಲ್ಲಿ ನುಗ್ಗಬಾರದೆಂದು ಬಾಗಿಲ ಬುಡಕ್ಕೆ ಹಳೇ ಗೋಣಿಚೀಲವನ್ನೂ ಒತ್ತಿದಳು.

ಕೋಣೆ ಕತ್ತಲಾಯಿತು. ಮೆಣಸಿನಕಾಯಿ ಚಟಪಟ ಎಂದಿತು. ಅದರ ಹಿಂದೆಯೇ ಘಾಟು ಎದ್ದಿತು. ಮೊದಲು ಮೂಗಿಗೆ, ಆಮೇಲೆ ಗಂಟಲಿಗೆ. ಆಂಜಿನಿ ಕೆಮ್ಮಿದಳು. ಇನ್ನೊಂದು ಸಲ ಕೆಮ್ಮಿದಳು. ಕಣ್ಣು ಬಿಡಲು ಆಗಲಿಲ್ಲ. ಎದೆಯೊಳಗೆ ಗಾಳಿಯೇ ಹೋಗುತ್ತಿಲ್ಲ ಅನ್ನಿಸಿತು.

ಬಾಗಿಲ ಆಚೆಯಿಂದ ಅಜ್ಜಿಯ ದನಿ ಕೇಳಿಸಿತು. “ನೋಡ್ದಾ? ಒಂಚೂರೂ ಘಾಟಿಲ್ಲ. ನಿನ್ನೇನೂ ಹಿಂಗೇ. ತಡಿ, ಇನ್ನೊಂದು ಹಿಡಿ ತರ್ತೀನಿ.”

ಆಂಜಿನಿ ಹಾಗೇ ನಿಂತುಬಿಟ್ಟಳು.

ನಿನ್ನೆಯೂ ಅಜ್ಜಿ ಬಾಗಿಲ ಆಚೆ ನಿಂತಿದ್ದಳು. ನಿನ್ನೆಯೂ ಗೋಣಿಚೀಲ ಒತ್ತಿದ್ದಳು. ಘಾಟು ಇತ್ತು. ಎಲ್ಲ ಇಲ್ಲೇ, ಒಳಗೇ ಇತ್ತು. ಪಚ್ಚಿಯ ಗರಿ ಕೆನ್ನೆಗೆ ತಾಗಿದಾಗ ಬಂದ ಸೀನು ಇದೇ ಘಾಟಿನದು.

ತಲೆಯ ಮೇಲೆ ಏನೋ ಟಪ್ ಎಂದಿತು. ಕೂತಿದ್ದ ಕೋಲಿನಿಂದ ನೀಲಿ ಪಂಜರದ ತಳಕ್ಕೆ ಬಿದ್ದಿತ್ತು.

ಅವಳು ಪಂಜರವನ್ನು ಕೊಕ್ಕೆಯಿಂದ ಕಿತ್ತುಕೊಂಡು ಬಾಗಿಲಿಗೆ ಒದ್ದಳು. ಗೋಣಿಚೀಲ ಸಿಕ್ಕಿಕೊಂಡು ಬಾಗಿಲು ಅಲುಗಲಿಲ್ಲ. ಇನ್ನೊಂದು ಸಲ ಮೈಯ ಬಲವನ್ನೆಲ್ಲ ಹಾಕಿ ಒದ್ದಳು. ಬಾಗಿಲು ತೆರೆದು, ಹೊಗೆಯ ಜೊತೆಗೆ ಅವಳೂ ನಡುಮನೆಗೆ ಬಿದ್ದು, ಎದ್ದು, ಹುಳದ ತಟ್ಟೆಗಳ ನಡುವೆ ಓಡಿ ಜಗಲಿಗೆ ಬಂದಳು.

“ಹುಳ, ಹುಳ,” ಎಂದು ಅಮ್ಮ ಒಳಗೆ ಕಿರುಚಿದಳು. “ಯಾರೇ ಬಾಗಿಲು ತೆಗೆದಿದ್ದು? ಹುಳಾನೆಲ್ಲ ಸಾಯಿಸ್ತೀಯಾ?”

ಅಮ್ಮ ಕೆಂಡದ ಓಡನ್ನು ಸೆರಗಿನಲ್ಲಿ ಹಿಡಿದು ಬೀದಿಗೆ ಎಸೆದಳು. ನಡುಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಳು. ಆಮೇಲೆ ಆಂಜಿನಿಗೆ ಬಾರಿಸಲು ಕೈ ಎತ್ತಿಕೊಂಡು ಜಗಲಿಗೆ ಬಂದಳು.

ಆಂಜಿನಿ ಕೆಮ್ಮುತ್ತಲೇ ಕೇಳಿದಳು. “ಹುಳಕ್ಕೆ ಆಗದ ಹೊಗೆ ನನ್ನ ಗಿಣಿಗೆ ಆಗ್ತದಾ?”

ಅಮ್ಮನ ಕೈ ಅಲ್ಲೇ ನಿಂತಿತು.

“ಬೀದೀಲಿ ಬೀಡಿ ಸೇದಿದ್ರೂ ಹುಳ ಸಾಯ್ತದೆ ಅಂತೀರಿ. ಹುಳಕ್ಕೆ ತಾಗಬಾರ್ದು ಅಂತ ಬಾಗಿಲು ಹಾಕಿ, ಚೀಲ ಇಟ್ಟು, ಗಿಣಿಗೆ ಹೊಗೆ ಹಾಕಿದ್ರಿ. ಬಾಗಿಲು ಹಾಕಿದ್ರೆ ಘಾಟು ಹೊರಗೆ ಹೆಂಗೆ ಬರ್ತದೆ ಅಜ್ಜಿ?”

ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಇನ್ನೊಂದು ಹಿಡಿ ಮೆಣಸಿನಕಾಯಿ ಇತ್ತು. ಅವಳಿಗೂ ರೇಗಿತು. “ಏನೇ ಅಂಗಂದ್ರೆ? ನಾನು ಸಾಯಿಸಿದ್ನಾ? ಒಳ್ಳೇದಾಗಲಿ ಅಂತ ಮಾಡಿದ್ದಲ್ವೇನೇ?” ಎಂದಳು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು. ಮೆಣಸಿನಕಾಯಿಗಳು ಒಂದೊಂದಾಗಿ ಕೈಯಿಂದ ಕೆಳಗೆ ಬಿದ್ದವು.

ಆಂಜಿನಿಯ ಬಾಯಿಗೆ ಮಾತು ಬಂದಿತ್ತು. ನೀನೇ ಸಾಯಿಸಿದ್ದು, ನಿನ್ನಿಂದಲೇ ಸತ್ತಿದ್ದು. ಅದನ್ನು ಹೇಳಿದರೆ ಅಜ್ಜಿಯ ಮುಖ ಹೇಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆಯಷ್ಟೇ ಅಂಥ ಒಂದು ಮುಖವನ್ನು ನೋಡಿದ್ದಳು. ಹಲ್ಲು ಕಚ್ಚಿಕೊಂಡು ಸುಮ್ಮನಾದಳು. ಸಿಟ್ಟು ಮಾತ್ರ ಹಾಗೇ ಇತ್ತು. ಅದನ್ನು ಯಾರ ಮೇಲೆ ಹಾಕುವುದು ಎಂದು ತಿಳಿಯಲಿಲ್ಲ.

“ಇನ್ನೂ ಉಸಿರಾಡ್ತಾ ಐತೆ ಇದು,” ಎಂದಳು ಅಮ್ಮ.

ನೀಲಿ ಪಂಜರದ ತಳದಲ್ಲಿ ಕೊಕ್ಕು ತೆರೆದುಕೊಂಡು ಕೂತಿತ್ತು. ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಅಮ್ಮ ಹುಳಕ್ಕೆ ಮಾಡುವ ಹಾಗೆಯೇ ಮಾಡಿದಳು. ಪಂಜರವನ್ನು ಗಾಳಿ ಆಡುವ ಕಡೆ, ಆದರೆ ಬಿಸಿಲು ಬೀಳದ ಕಡೆ, ಜಗಲಿಯ ಮೂಲೆಯಲ್ಲಿ ಇಟ್ಟಳು. ಹೊಗೆ ಹಿಡಿದ ನವಣೆಯನ್ನೂ ನೀರನ್ನೂ ಚೆಲ್ಲಿಸಿದಳು. ತಳದ ಕಸ ತೆಗೆಸಿ ಒದ್ದೆ ಬಟ್ಟೆಯಲ್ಲಿ ಒರೆಸಿಸಿದಳು. ಹೊಸ ನೀರು ಇಡಿಸಿದಳು. ಚಳಿಯಾಗಬಾರದೆಂದು ಮೂರು ಕಡೆ ಹಳೇ ಪಂಚೆ ಸುತ್ತಿದಳು.

“ಈಗ ಮುಟ್ಟಬೇಡ. ಎತ್ತಿ ಮುದ್ದು ಮಾಡಬೇಡ. ಸುಮ್ನೆ ಕೂತು ನೋಡ್ತಾ ಇರು,” ಎಂದಳು. ನಿನ್ನೆಯೂ ಅಮ್ಮ ಅದನ್ನೇ ಹೇಳಿದ್ದಳು, ಉಳಿದಿದ್ದನ್ನು ನೋಡು ಅಂತ. ಯಾಕೆ ಸತ್ತಿತು ಅಂತ ಹುಡುಕಬೇಕು ಅಂತ ಕೂಡ ಹೇಳಿದ್ದಳು. ಯಾರೂ ಹುಡುಕಿರಲಿಲ್ಲ. ಅಮ್ಮನಿಗೆ ಹುಳದ ಕೆಲಸ. ಆಂಜಿನಿಗೆ ಹುಡುಕುವ ಮೊದಲೇ ಕದಿರಿ ಸಿಕ್ಕಿಬಿಟ್ಟಿದ್ದಳು.

ಸಂಜೆಯಾದರೂ ಅಜ್ಜಿ ಜಗಲಿಗೆ ಬರಲಿಲ್ಲ. ಒಳಗಿನಿಂದಲೇ, “ನೀರು ಕುಡೀತಾ?” ಎಂದು ಒಮ್ಮೆ ಕೇಳಿದಳು. ಆಂಜಿನಿ ಪಂಜರದ ಮೇಲಿಂದ ಕಣ್ಣು ತೆಗೆಯದೆ, “ಇನ್ನೂ ಇಲ್ಲ,” ಎಂದಳು.

ಮಾರನೆಯ ದಿನ ಮಧ್ಯಾಹ್ನ ನೀಲಿ ನೀರು ಕುಡಿಯಿತು. ಅದರ ಮಾರನೆಯ ದಿನ ಕೋಲು ಹತ್ತಿ ಕೂತಿತು. ಹೊಸ ನವಣೆಯನ್ನು ಕೇರಿ, ಕಲ್ಲು ಆರಿಸಿ, ಜಗಲಿಯ ಮೇಲೆ ಇಟ್ಟು ಹೋದವರು ಯಾರು ಎಂದು ಆಂಜಿನಿ ಕೇಳಲಿಲ್ಲ. ಅಷ್ಟು ಹಸನಾಗಿ ಕೇರುವವಳು ಮನೆಯಲ್ಲಿ ಅಜ್ಜಿ ಒಬ್ಬಳೇ.

ಇಸ್ಕೂಲಿನಲ್ಲಿ ಮಾತ್ರ ಬೇರೆಯೇ ನಡೆಯುತ್ತಿತ್ತು. ಕದಿರಿ ನೀರಿನ ಗಡಿಗೆಯ ಹತ್ತಿರ ಹೋದರೆ ಮಕ್ಕಳು ದೂರ ಸರಿಯುತ್ತಿದ್ದರು. ಬುತ್ತಿ ಬಿಚ್ಚುವಾಗ ಬೆನ್ನು ತಿರುಗಿಸುತ್ತಿದ್ದರು. “ಕದಿರಿ ಕಣ್ಣಲ್ಲ ಕಣೋ,” ಎಂದು ಆಂಜಿನಿ ಒಬ್ಬನಿಗೆ ಹೇಳಿದಳು. “ಘಾಟು ಜಾಸ್ತಿಯಾಗಿ ಸತ್ತಿದ್ದು.”

“ನೀನೇ ತಾನೇ ಹೇಳಿದ್ದು?” ಎಂದ ಅವನು.

ಅವನಿಗೆ ಎರಡು ಬಾರಿಸಬೇಕು ಅನ್ನಿಸಿತು. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಅದಾದ ಮೇಲೆ ಕದಿರಿ ಇಸ್ಕೂಲಿಗೆ ಬರುವುದನ್ನೇ ಬಿಟ್ಟಳು.

ಹುಳ ಹಣ್ಣಾಗಿ, ಅಂದರೆ ಮೇವು ಮುಗಿಸಿ, ಚಂದ್ರಿಕೆಗೆ ಬಿಡುವ ದಿನ ಬಂತು. ಚಂದ್ರಿಕೆ ಎಂದರೆ ಸುರುಳಿಯಾಗಿ ಪಟ್ಟಿ ಹೆಣೆದ ಬಿದಿರಿನ ದೊಡ್ಡ ತಟ್ಟೆ, ಅದರಲ್ಲೇ ಹುಳ ಗೂಡು ಕಟ್ಟುವುದು. ಅವತ್ತು ಮನೆಯಲ್ಲಿ ಯಾರಿಗೂ ಉಸಿರಾಡಲು ಪುರಸೊತ್ತು ಇರುವುದಿಲ್ಲ. ಆಂಜಿನಿ ಬೆಳಿಗ್ಗೆ ಎದ್ದವಳೇ ಪಂಜರ ತೆಗೆದುಕೊಂಡು ಪಕ್ಕದ ಮನೆಗೆ ನಡೆದಳು.

ಕದಿರಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಪಂಜರ ಕಂಡ ಕೂಡಲೇ ಗೋಡೆಯ ಕಡೆ ತಿರುಗಿ ಕೂತಳು.

“ನಿನ್ನ ಕಣ್ಣಲ್ಲ,” ಎಂದಳು ಆಂಜಿನಿ. “ಮೆಣಸಿನಕಾಯಿ ಹೊಗೆ. ಕೋಣೆ ಬಾಗಿಲು ಹಾಕಿದ್ರು. ಅದಕ್ಕೇ ಪಚ್ಚಿ ಸತ್ತಿದ್ದು. ಇದು ಬದುಕ್ತು.”

ಕದಿರಿ ಗೋಡೆಗೇ ಹೇಳಿದಳು. “ಅದು ಬದುಕ್ತು ಅಂತ ಬಂದ್ಯಾ? ಅದೂ ಸತ್ತಿದ್ರೆ ಬರ್ತಿದ್ಯಾ?”

ಆಂಜಿನಿ ರಾತ್ರಿಯೆಲ್ಲ ಏನೇನೋ ಹೇಳಬೇಕು ಎಂದುಕೊಂಡು ಬಂದಿದ್ದಳು. ಈ ಪ್ರಶ್ನೆಗೆ ಅದರಲ್ಲಿ ಯಾವುದೂ ಸರಿಹೋಗಲಿಲ್ಲ.

“ಗೊತ್ತಿಲ್ಲ,” ಎಂದಳು.

“ನನ್ನ ಜೊತೆ ಯಾರೂ ಕೂರಲ್ಲ ಈಗ. ನಮ್ಮ ಚಿಕ್ಕಮ್ಮ ಮಗೂನ ಎತ್ಕೊಳ್ಳೋಕೆ ಕೊಡಲ್ಲ. ಎಲ್ಲ ನಿನ್ನಿಂದ.” ಕದಿರಿ ಒಂದು ಅವರೆಕಾಯನ್ನು ಎರಡು ತುಂಡು ಮಾಡಿ ಬಿಸಾಕಿದಳು. ಅವಳಿಗೂ ಇಷ್ಟು ಸಿಟ್ಟು ಬರುತ್ತದೆ ಎಂದು ಆಂಜಿನಿಗೆ ಗೊತ್ತಿರಲಿಲ್ಲ.

ಆಂಜಿನಿ ಪಂಜರವನ್ನು ಜಗಲಿಯ ಮೇಲೆ, ಕದಿರಿಯ ಪಕ್ಕದಲ್ಲೇ ಇಟ್ಟಳು. ಬೀದಿಯಲ್ಲಿ ನೀರಿಗೆ ಹೋಗುತ್ತಿದ್ದ ಹೆಂಗಸರು ನಿಂತು ನೋಡಿದರು. ಇಸ್ಕೂಲಿನ ಹುಡುಗರೂ ಇಬ್ಬರು ನಿಂತರು. ನೋಡಲಿ ಎಂದೇ ಅವಳು ಅಲ್ಲಿಟ್ಟದ್ದು.

“ನಮ್ಮನೇಲಿ ಇವತ್ತು ಹುಳ ಬಿಡ್ತಾರೆ. ಯಾರಿಗೂ ಪುರಸೊತ್ತಿಲ್ಲ,” ಎಂದಳು ಸ್ವಲ್ಪ ಗಟ್ಟಿಯಾಗಿ. “ಸಾಯಂಕಾಲದವರೆಗೂ ನೀನೇ ನೋಡ್ಕೊ.”

ಕದಿರಿ ತಿರುಗಿದಳು. ಕೈ ಎಡಗಣ್ಣಿನ ಕಡೆ ಹೋಗುತ್ತಿತ್ತು.

“ಎರಡೂ ಕಣ್ಣಿಂದಾನಾ?” ಎಂದು ಕೇಳಿದಳು. ದನಿ ಇನ್ನೂ ಚುಚ್ಚುವಂತಿತ್ತು.

“ಎರಡೂ ಕಣ್ಣಿಂದ,” ಎಂದಳು ಆಂಜಿನಿ.

ಅಷ್ಟು ಹೇಳಿ ಅವಳು ಮನೆಯ ಕಡೆ ಹೊರಟಳು. ತಿರುಗಿ ನೋಡಬೇಕು ಎಂದು ಕತ್ತು ಎಳೆಯುತ್ತಿತ್ತು. ನೋಡಲಿಲ್ಲ. ಹಿಂದೆ ಅವರೆಕಾಯಿಯ ಮೊರ ಪಕ್ಕಕ್ಕೆ ಸರಿದ ಸದ್ದು ಬಂತು.

“ಎಷ್ಟು ಚೆನ್ನಾಗಿದ್ದೀಯೇ ನೀನು,” ಎಂದಳು ಕದಿರಿ ಪಂಜರದೊಳಕ್ಕೆ. ನೀಲಿ ನವಣೆ ಕುಟುಕುತ್ತಲೇ ಇತ್ತು.